ಗ್ಯಾರೇಜಿನ ಹಂಡೆಯಿಂದ ಅಬಕಾರಿ ಲೆಕ್ಕದವರೆಗೆ

2012ರಲ್ಲಿ ನಾನು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರಕ್ಕೆ ಬಂದಿಳಿದಾಗ ಊರಿನ ನಡುಭಾಗಕ್ಕೆ ಇನ್ನೂ ಬೇಲಿ ಹಾಕಿದ್ದರು. ಹಿಂದಿನ ವರ್ಷದ ಫೆಬ್ರುವರಿ 22ರ ಭೂಕಂಪದಲ್ಲಿ ನೆಲಕಚ್ಚಿದ್ದ ಆ ಊರನ್ನು ಮತ್ತೆ ಕಟ್ಟುವುದಕ್ಕೆಂದು ಹೊರದೇಶಗಳಿಂದ ಬಂದ ಸಿವಿಲ್ ಎಂಜಿನಿಯರುಗಳಲ್ಲಿ ಸಕಲೇಶಪುರದ ಕಡೆಯ ನಾನೂ ಒಬ್ಬನಾಗಿದ್ದೆ. ಬಂದ ಮೂರನೆಯ ವಾರ ತೊಗರಿಬೇಳೆ ಹುಡುಕಿಕೊಂಡು ಹೋಗುವಾಗ ದಾರಿಯಲ್ಲಿ ಒಂದು ಅಂಗಡಿಯ ಗಾಜಿನ ಹಿಂದೆ, ಸೈಕಲ್ಲನ್ನೋ ಮಿಕ್ಸಿಯನ್ನೋ ಇಟ್ಟಷ್ಟೇ ಸಹಜವಾಗಿ, ಬೆಲೆಚೀಟಿ ಅಂಟಿಸಿದ ಒಂದು ಪಾತ್ರೆಯನ್ನು ಇಟ್ಟಿದ್ದರು. ಕೆಳಗೆ 25 ಲೀಟರಿನ ಸ್ಟೀಲ್ ಡ್ರಮ್ಮು, ಅದರ ನೆತ್ತಿಯ ಮೇಲೊಂದು ತಾಮ್ರದ ಗುಮ್ಮಟ, ಅಲ್ಲಿಂದ ಬಾಗಿ ಇಳಿಯುವ ಕೊಳವೆ. ಅದು ಏನೆಂದು ತಿಳಿಯುವುದಕ್ಕೆ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅಂಥದ್ದೇ ಪಾತ್ರೆಗಳನ್ನು ಅಬಕಾರಿಯವರು ಕಾಡಂಚಿನಿಂದ ಹೊರಗೆ ಎಳೆದು ತಂದು, ಹುಳಿಯಲು ಇಟ್ಟಿದ್ದ ಬೆಲ್ಲದ ಕೊಳೆಯನ್ನು ನೆಲಕ್ಕೆ ಚೆಲ್ಲಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡದ್ದನ್ನು ಜಿಲ್ಲಾ ಪುಟಗಳಲ್ಲಿ ನೋಡುತ್ತ ಬೆಳೆದವನು ನಾನು. ನಮ್ಮಲ್ಲಿ ಅದರ ಹೆಸರು ಕಳ್ಳಬಟ್ಟಿ. ಇಲ್ಲಿ ಅದಕ್ಕೆ ಒಂದು ವರ್ಷದ ವಾರಂಟಿ ಇತ್ತು.

ಅಂಗಡಿಯವನನ್ನು ಕೇಳಿದಾಗ ಅವನು ನಗುತ್ತ ವಿವರಿಸಿದ. ಸ್ವಂತ ಬಳಕೆಗಾಗಿ, ಮಾರಾಟಕ್ಕಲ್ಲದೆ, ಮನೆಯಲ್ಲಿ ಮದ್ಯ ಬಟ್ಟಿ ಇಳಿಸುವುದರ ಮೇಲಿದ್ದ ನಿಷೇಧವನ್ನು ನ್ಯೂಜಿಲೆಂಡ್ 1996ರಲ್ಲಿಯೇ ತೆಗೆದುಹಾಕಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮಾಡಿದರೆ ಜೈಲಿಗೆ ಕಳಿಸುವ ಕೆಲಸ ಇಲ್ಲಿ ಭಾನುವಾರದ ಹವ್ಯಾಸ. ಈ ದೇಶಕ್ಕೂ ಕಳ್ಳಬಟ್ಟಿಯ ಚರಿತ್ರೆ ಇಲ್ಲವೆಂದಲ್ಲ. ದಕ್ಷಿಣದ ಗೋರ್ ಪಟ್ಟಣದ ಬಳಿಯ ಹೊಕೊನುಯಿ ಗುಡ್ಡಗಳಲ್ಲಿ ಸ್ಕಾಟ್ಲೆಂಡಿನಿಂದ ವಲಸೆ ಬಂದ ಕುಟುಂಬಗಳು ತಲೆಮಾರುಗಳವರೆಗೆ ಕದ್ದು ವಿಸ್ಕಿ ಇಳಿಸಿದವು. ಆ ಪಟ್ಟಣದಲ್ಲಿ ಈಗ ಅದಕ್ಕೊಂದು ವಸ್ತುಸಂಗ್ರಹಾಲಯವೇ ಇದೆ. ಎರಡು ವರ್ಷ ಕಳೆದ ಮೇಲೆ ನಾನು ಅಲ್ಲಿಗೆ ಹೋಗಿ, ಗಾಜಿನೊಳಗೆ ಇಟ್ಟಿದ್ದ ಪಾತ್ರೆಗಳನ್ನು ಯಾತ್ರಿಕನಂತೆ ನೋಡಿ ಬಂದೆ.

ಹಾಗೆಂದು ಅಂಗಡಿಗೆ ಹೋದ ದಿನವೇ ನಾನು ಆ ಪಾತ್ರೆಯನ್ನು ಕೊಳ್ಳಲಿಲ್ಲ. 2013ರ ಚಳಿಗಾಲದಲ್ಲಿ, ಕೆಲಸ ಮುಗಿಸಿ ಐದು ಗಂಟೆಗೆ ಮನೆಗೆ ಬಂದರೆ ಆಗಲೇ ಕತ್ತಲಾಗಿರುತ್ತಿದ್ದ ದಿನಗಳಲ್ಲಿ, ಕೈಗೊಂದು ಕೆಲಸ ಬೇಕೆನ್ನಿಸಿ ಕೊಂಡೆ. ಮೊದಲ ಸಲ ಆರು ಕಿಲೋ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಬೇಗ ಹುಳಿಯಲೆಂದು ಮಾರುವ ಯೀಸ್ಟಿನ ಪೊಟ್ಟಣವನ್ನು ಸುರಿದು, 25 ಲೀಟರ್ ಕೊಳೆಯನ್ನು ಗ್ಯಾರೇಜಿನಲ್ಲಿ ಇಟ್ಟೆ. ಐದು ದಿನಗಳಲ್ಲಿ ಅದರಲ್ಲಿನ ಆಲ್ಕೋಹಾಲು ಶೇಕಡಾ 14ರ ಹತ್ತಿರಕ್ಕೆ ಬಂದಿತು. ಬಟ್ಟಿ ಇಳಿಸಿ ಬಂದ ದ್ರವ ಹೇಗಿತ್ತೆಂದರೆ, ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿನಲ್ಲೇ ನಿಂತು, ಉಗುರುಬಣ್ಣ ಅಳಿಸುವ ಬಾಟಲಿಯನ್ನು ಯಾರು ಚೆಲ್ಲಿದರೆಂದು ಕೇಳಿದಳು.

ಅವಳು ಹೇಳಿದ್ದು ರಸಾಯನಶಾಸ್ತ್ರದ ಪ್ರಕಾರವೂ ಸರಿಯಾಗಿತ್ತು. ಬಟ್ಟಿಯಿಂದ ಮೊದಲು ಇಳಿಯುವ ಭಾಗದಲ್ಲಿ ಈಥೈಲ್ ಅಸಿಟೇಟ್ ಇರುತ್ತದೆ, ಉಗುರುಬಣ್ಣ ಅಳಿಸುವ ದ್ರವದ ವಾಸನೆಯೂ ಅದರದೇ. ಕೊನೆಗೆ ಇಳಿಯುವ ಭಾಗದಲ್ಲಿ ಭಾರದ ಆಲ್ಕೋಹಾಲುಗಳೂ ಕೊಬ್ಬಿನ ಆಮ್ಲಗಳೂ ಸೇರಿ, ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ ಹೊರಡುತ್ತದೆ. ಇವೆರಡರ ನಡುವೆ ಬರುವುದೇ ಕುಡಿಯುವ ಭಾಗ. ಇಂಗ್ಲಿಷಿನಲ್ಲಿ ಈ ಮೂರಕ್ಕೆ ತಲೆ, ಹೃದಯ, ಬಾಲ ಎನ್ನುತ್ತಾರೆ. ನಾನು ನನ್ನ ಪುಸ್ತಕದಲ್ಲಿ ಮೊದಲು, ನಡು, ಕಡೆ ಎಂದು ಬರೆದುಕೊಂಡೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎನ್ನುವುದನ್ನು ಥರ್ಮಾಮೀಟರು ಅರ್ಧ ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಹೇಳುವುದು ಮೂಗು. ಉಪ್ಪಿನಕಾಯಿ ತುಂಬುವಂಥ ಹದಿನೆಂಟು ಪುಟ್ಟ ಗಾಜಿನ ಜಾಡಿಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದಕ್ಕೂ ಇನ್ನೂರು ಮಿಲಿಲೀಟರಿನಂತೆ ಹಿಡಿದು, ಅಂಕಿ ಬರೆದ ಚೀಟಿ ಅಂಟಿಸಿ, ಬಾಯಿಗೆ ಬಟ್ಟೆ ಕಟ್ಟಿ ರಾತ್ರಿಯಿಡೀ ಬಿಡುತ್ತಿದ್ದೆ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಒಂದೊಂದನ್ನೂ ನೀರು ಬೆರೆಸಿ ಮೂಸಬೇಕು. ನಾಲ್ಕನೆಯ ಜಾಡಿಯಲ್ಲಿ ಇನ್ನೂ ಘಾಟು ಇದೆ, ಆರನೆಯದರಲ್ಲಿ ಇಲ್ಲ. ಹಾಗಾದರೆ ಐದನೆಯದು ಯಾವ ಕಡೆಗೆ? ಆ ಐದನೆಯ ಜಾಡಿಯ ಮುಂದೆ ನಾನು ಕಳೆದ ಭಾನುವಾರಗಳನ್ನು ಲೆಕ್ಕ ಹಾಕಿದರೆ ಒಂದು ಪದವಿಯನ್ನೇ ಪಡೆಯಬಹುದಿತ್ತು.

ಊರಿಗೆ ಫೋನು ಮಾಡಿದಾಗ ಒಂದು ದಿನ ಬಾಯಿ ತಪ್ಪಿ ವಿಷಯ ಹೇಳಿಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲ ಕಣೋ, ಸಾಲ ಮಾಡಿ ಎಂಜಿನಿಯರಿಂಗ್ ಓದಿಸಿದ್ದು ಪರದೇಶದಲ್ಲಿ ಹೋಗಿ ಕಳ್ಳಬಟ್ಟಿ ಕಾಯಿಸ್ಲಿ ಅಂತಾನಾ?" ಎಂದರು. ನಂತರ ದನಿ ತಗ್ಗಿಸಿ, "ಕಣ್ಣು ಹೋಗುತ್ತಂತಲ್ಲೋ" ಎಂದರು. ಅವರ ಭಯಕ್ಕೆ ಕಾರಣವಿತ್ತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಎಂಬ ವಿಷದ ಆಲ್ಕೋಹಾಲು ಸೇರಿದ್ದ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಆ ತಲೆಮಾರಿನವರು ಮರೆತಿಲ್ಲ. ನಾನು ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ, ಏಕೆಂದರೆ ಇದನ್ನು ತಪ್ಪಾಗಿ ತಿಳಿದವರೇ ಹೆಚ್ಚು. ಸಕ್ಕರೆಯ ಅಥವಾ ಧಾನ್ಯದ ಕೊಳೆಯಲ್ಲಿ ಮೆಥನಾಲ್ ಇಲ್ಲವೆನ್ನುವಷ್ಟು ಕಡಿಮೆ ಹುಟ್ಟುತ್ತದೆ. ಹಣ್ಣಿನಲ್ಲಿರುವ ಪೆಕ್ಟಿನ್‌ನಿಂದ ಸ್ವಲ್ಪ ಹೆಚ್ಚು ಬರುತ್ತದೆ. ಜನರನ್ನು ಸಾಲುಸಾಲಾಗಿ ಕೊಂದ ದುರಂತಗಳಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಖಾನೆಯ ಮೆಥನಾಲನ್ನು ಲಾಭದಾಸೆಗೆ ಬೆರೆಸಿದವರ ಕೈವಾಡ. ಅಮ್ಮನಿಗೆ ಇದು ಅರ್ಥವಾಯಿತು, ಸಮಾಧಾನವಾಗಲಿಲ್ಲ. ಮೊದಲ ನೂರು ಮಿಲಿಲೀಟರನ್ನು ಚೆಲ್ಲುತ್ತೇನೆ ಎಂದು ಮಾತು ಕೊಟ್ಟ ಮೇಲೆ ಫೋನಿಟ್ಟರು.

ಸಕ್ಕರೆ ಕೊಳೆಯಿಂದ ನಾನು ಜಿನ್ ಕಡೆಗೆ ಹೊರಳಿದ್ದು ಏಲಕ್ಕಿಯ ದೆಸೆಯಿಂದ. ಜಿನ್ ಎಂದರೆ ವಾಸನೆಯಿಲ್ಲದ ಆಲ್ಕೋಹಾಲಿನಲ್ಲಿ ಜುನಿಪರ್ ಕಾಯಿ, ಕೊತ್ತಂಬರಿ ಬೀಜ, ಆಂಜೆಲಿಕಾ ಬೇರು, ನಿಂಬೆಜಾತಿಯ ಸಿಪ್ಪೆ ಮುಂತಾದವನ್ನು ಹಾಕಿ ಮತ್ತೊಮ್ಮೆ ಬಟ್ಟಿ ಇಳಿಸಿದ್ದು. ಸಾರಿನ ಪುಡಿ ಹುರಿಯುವ ಮನೆಯಲ್ಲಿ ಹುಟ್ಟಿದವನಿಗೆ ಈ ಪಟ್ಟಿ ಅರ್ಧ ಪರಿಚಿತವಾಗಿತ್ತು. ಊರಿನ ಏಲಕ್ಕಿಯ ಮೇಲಿನ ಅಭಿಮಾನಕ್ಕೆ ಮೊದಲ ಸಲ ಲೀಟರಿಗೆ ಐದು ಗ್ರಾಂ ಹಾಕಿದೆ. ಬಂದದ್ದು ಜಿನ್ ಅಲ್ಲ, ಮದುವೆಮನೆಯ ಪಾಯಸ. ಕಡಿಮೆ ಮಾಡುತ್ತ ಹೋಗಿ ಅರ್ಧ ಗ್ರಾಮಿಗೆ ಬಂದು ನಿಂತಾಗಲೇ ಏಲಕ್ಕಿ ತಾನು ಇದ್ದೇನೆಂದು ಕೂಗದೆ ಸುಮ್ಮನೆ ಇರುವುದನ್ನು ಕಲಿತದ್ದು. ಇನ್ನೊಂದು ಸಂಗತಿಯನ್ನು ಇಲ್ಲಿನ ಕಾಡು ತೋರಿಸಿಕೊಟ್ಟಿತು. ಕ್ರೈಸ್ಟ್‌ಚರ್ಚಿನ ಪಕ್ಕದ ಬ್ಯಾಂಕ್ಸ್ ಪರ್ಯಾಯದ್ವೀಪದಲ್ಲಿ ಚಾರಣಕ್ಕೆ ಹೋದಾಗ ಮರಗಳ ನೆರಳಿನಲ್ಲಿ ವೀಳ್ಯದೆಲೆಯಂಥ ಎಲೆಯ ಗಿಡವೊಂದನ್ನು ಕಂಡೆ. ಕಿತ್ತು ಅಗಿದರೆ ನಾಲಿಗೆಯ ಮೇಲೆ ಮೆಣಸಿನ ಚುರುಕು. ಅದು ಕವಕವ, ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲದ್ದೇ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ತಲೆಮಾರುಗಳಿಂದ ಔಷಧಿಯಾಗಿ ಬಳಸುವ ಗಿಡ. ಹುಳು ತಿಂದು ತೂತು ಮಾಡಿದ ಎಲೆಯೇ ಒಳ್ಳೆಯದೆಂದು ಆರಿಸುತ್ತಾರೆ ಎಂದು ಜತೆಗಿದ್ದ ಮಾವೊರಿ ಸಹೋದ್ಯೋಗಿ ಹೇಳಿದರು. ಎಲೆಯನ್ನು ಕೀಳುವ ಮುನ್ನ ಕೇಳಬೇಕಿತ್ತು ಎಂದೂ ಮೆಲ್ಲಗೆ ಸೇರಿಸಿದರು. ಏಲಕ್ಕಿ ಮತ್ತು ಕವಕವ ಒಂದೇ ಬಟ್ಟಿಯಲ್ಲಿ ಸೇರಿದ್ದು 2015ರಲ್ಲಿ. ಇಂದಿಗೂ ನಾವು ಮಾರುವುದು ಅದನ್ನೇ.

ಸ್ನೇಹಿತರು ಕುಡಿದು, ಇದನ್ನು ಮಾರಬಹುದಲ್ಲ ಎನ್ನುತ್ತಿದ್ದರು. ಪುಕ್ಕಟೆ ಸಿಕ್ಕಿದ ಮದ್ಯವನ್ನು ಹೊಗಳದ ಸ್ನೇಹಿತನನ್ನು ನಾನು ಈವರೆಗೆ ಕಂಡಿಲ್ಲವಾದ್ದರಿಂದ ಆ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ. ವೆಲ್ಲಿಂಗ್ಟನ್ನಿನ ಒಂದು ಗ್ಯಾರೇಜಿನಲ್ಲಿ ಶುರುವಾದ 42 ಬಿಲೋ ಎಂಬ ವೋಡ್ಕಾವನ್ನು 2006ರಲ್ಲಿ ಬಕಾರ್ಡಿ ಕಂಪನಿ 138 ಮಿಲಿಯನ್ ನ್ಯೂಜಿಲೆಂಡ್ ಡಾಲರಿಗೆ ಕೊಂಡ ಕಥೆಯನ್ನು ಇಲ್ಲಿ ಗ್ಯಾರೇಜು ಇರುವ ಪ್ರತಿಯೊಬ್ಬನೂ ಹೇಳುತ್ತಾನೆ. ನನ್ನನ್ನು ಮುಂದಕ್ಕೆ ತಳ್ಳಿದ್ದು ಆ ಕಥೆಯಲ್ಲ, ನನ್ನದೇ ಪುಸ್ತಕ. ಅಪ್ಪ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಪ್ರತಿ ಬೆಳಿಗ್ಗೆ ಏಳಕ್ಕೆ ಮಳೆಮಾಪಕದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹಿಂದಿನ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆಯುತ್ತಿದ್ದರು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದರೇ ಹೊರತು ಖಾಲಿ ಬಿಡುತ್ತಿರಲಿಲ್ಲ. ಆ ಅಭ್ಯಾಸ ನನಗೂ ಬಂದಿತ್ತು. 2016ರಲ್ಲಿ ಒಮ್ಮೆ ಹಳೆಯ ಪುಟಗಳನ್ನು ತಿರುವಿದಾಗ, ಒಂದೇ ಅಳತೆಯಲ್ಲಿ ಮಾಡಿದ ಏಳು ಬ್ಯಾಚುಗಳ ಪೈಕಿ ಎರಡು ಮಾತ್ರ ಒಂದರಂತೆ ಇನ್ನೊಂದು ಇದ್ದವೆಂದು ಗೊತ್ತಾಯಿತು. ಉಳಿದ ಐದೂ ಚೆನ್ನಾಗಿದ್ದವು, ಆದರೆ ಐದೂ ಬೇರೆಬೇರೆ ಇದ್ದವು. ಹವ್ಯಾಸಕ್ಕೆ ಅದು ಸಾಕು, ನನಗೆ ಸಾಕಾಗಲಿಲ್ಲ. ಎರಡನೆಯ ಸಲವೂ ಅದನ್ನೇ ಮಾಡುವುದು ಹೇಗೆ ಎನ್ನುವ ಪ್ರಶ್ನೆ ಹಿಡಿದುಕೊಂಡಿತು, ಮತ್ತು ಗ್ಯಾರೇಜಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅದಕ್ಕಾಗಿ ಎರಡು ವರ್ಷ ಶನಿವಾರಗಳಂದು ಒಂದು ಸಣ್ಣ ಡಿಸ್ಟಿಲರಿಯಲ್ಲಿ ಸಂಬಳವಿಲ್ಲದೆ ದುಡಿದೆ. ಬಟ್ಟಿಯ ಹತ್ತಿರ ಬಿಟ್ಟುಕೊಂಡದ್ದು ಎಂಟು ತಿಂಗಳಾದ ಮೇಲೆ. ಅಲ್ಲಿಯವರೆಗೆ ನೆಲ ತೊಳೆದೆ, ಬಾಟಲಿ ತೊಳೆದೆ, ಲೇಬಲ್ ಅಂಟಿಸಿದೆ. ಅಲ್ಲಿ ಕಂಡ ಒಂದು ಸಂಗತಿ ನನ್ನ ಹೆಮ್ಮೆಗೆ ಪೆಟ್ಟು ಕೊಟ್ಟಿತು: ಅವರು ತಮ್ಮ ಆಲ್ಕೋಹಾಲನ್ನು ತಾವೇ ತಯಾರಿಸುತ್ತಿರಲಿಲ್ಲ. ಶೇಕಡಾ 96ರ ಆಲ್ಕೋಹಾಲು ಡ್ರಮ್ಮುಗಳಲ್ಲಿ ಬರುತ್ತಿತ್ತು, ಅದಕ್ಕೆ ನೀರು ಬೆರೆಸಿ, ಜುನಿಪರ್ ಮೊದಲಾದವನ್ನು ಹಾಕಿ ಮರುಬಟ್ಟಿ ಇಳಿಸುತ್ತಿದ್ದರು. ಜಗತ್ತಿನ ಬಹುಪಾಲು ಜಿನ್ ಹೀಗೆಯೇ ತಯಾರಾಗುತ್ತದೆ. ಭಾರತದ ಹೊಸ ಜಿನ್‌ಗಳಿಗೂ ಇದೇ ದಾರಿ. ನ್ಯೂಜಿಲೆಂಡಿನ ವಿಶೇಷವೆಂದರೆ, ಇಲ್ಲಿ ಆ ಆಲ್ಕೋಹಾಲು ಬಹುಮಟ್ಟಿಗೆ ಹಾಲೊಡಕಿನಿಂದ ಬರುತ್ತದೆ. ಚೀಸ್ ಮಾಡಿ ಉಳಿದ ನೀರಿನಲ್ಲಿರುವ ಲ್ಯಾಕ್ಟೋಸನ್ನು ಹುಳಿಸಬಲ್ಲ ವಿಶೇಷ ಯೀಸ್ಟಿನಿಂದ ಅದನ್ನು ತಯಾರಿಸುತ್ತಾರೆ. ಮಾಮೂಲು ಯೀಸ್ಟಿಗೆ ಆ ಶಕ್ತಿಯಿಲ್ಲ. ಅದಕ್ಕೊಂದು ನವಿರಾದ, ಸ್ವಲ್ಪ ಸಿಹಿಯೆನ್ನಿಸುವ ಮೈ ಇರುತ್ತದೆ ಎನ್ನುವುದು ನನ್ನ ಅಭಿಪ್ರಾಯ. ನನ್ನ ಸಕ್ಕರೆ ಕೊಳೆಯ ಆಲ್ಕೋಹಾಲನ್ನೂ ಅದನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಸರು ಮುಚ್ಚಿ, ಹೆಂಡತಿಗೆ ಮೂಸಲು ಕೊಟ್ಟೆ. ಅವಳು ಕ್ಷಣವೂ ಯೋಚಿಸದೆ ಹಾಲೊಡಕಿನದ್ದನ್ನು ಎತ್ತಿಕೊಂಡಳು. ನಾಲ್ಕು ವರ್ಷದ ಸಕ್ಕರೆ ಕೊಳೆಯ ವಿದ್ಯೆಗೆ ಅಂದೇ ತಿಲಾಂಜಲಿ ಕೊಟ್ಟೆ. ಲೇಬಲ್ಲಿನಲ್ಲಿ ಮಾತ್ರ ಹಾಲೊಡಕಿನ ಆಲ್ಕೋಹಾಲಿನಿಂದ ಮಾಡಿದ್ದು ಎಂದು ಸ್ಪಷ್ಟವಾಗಿ ಬರೆಯುತ್ತೇವೆ. ಧಾನ್ಯದ ಹೊಲದ ಚಿತ್ರ ಹಾಕಿ ಒಳಗೆ ಕೊಂಡ ಆಲ್ಕೋಹಾಲು ತುಂಬುವವರ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ.

ಹೆಂಡತಿ ವೃತ್ತಿಯಿಂದ ಲೆಕ್ಕಪರಿಶೋಧಕಿ. ನಾನು ಕನಸನ್ನು ಹೇಳಿದಾಗ ಅವಳು ಲ್ಯಾಪ್‌ಟಾಪ್ ತೆರೆದು ಒಂದು ಬಾಟಲಿಯನ್ನು ಬಿಡಿಸಿ ತೋರಿಸಿದಳು. 700 ಮಿಲಿಲೀಟರಿನ ಬಾಟಲಿಯಲ್ಲಿ ಶೇಕಡಾ 42 ಆಲ್ಕೋಹಾಲು ಎಂದರೆ 294 ಮಿಲಿಲೀಟರ್ ಶುದ್ಧ ಆಲ್ಕೋಹಾಲು. ಅದರ ಮೇಲಿನ ಅಬಕಾರಿ ಸುಂಕ ಲೀಟರಿಗೆ ಐವತ್ತು ಡಾಲರಿಗೂ ಹೆಚ್ಚು ಇದ್ದುದರಿಂದ ಬಾಟಲಿಗೆ ಕನಿಷ್ಠ ಹದಿನೈದು ಡಾಲರು ಸರ್ಕಾರಕ್ಕೆ. ಅಂಗಡಿಯಲ್ಲಿ ಎಂಬತ್ತು ಡಾಲರಿಗೆ ಮಾರಿದರೆ ಶೇಕಡಾ 15ರ ಜಿಎಸ್‌ಟಿಗೆ ಹತ್ತು ಡಾಲರು ನಲವತ್ಮೂರು ಸೆಂಟು ಹೋಗುತ್ತದೆ. ಅಂಗಡಿಯವನ ಪಾಲು, ಗಾಜು, ಬಿರಡೆ, ಲೇಬಲ್, ಪೆಟ್ಟಿಗೆ, ಬಾಡಿಗೆ, ವಿಮೆ ಎಲ್ಲವನ್ನೂ ಕಳೆದ ಮೇಲೆ ಕೊನೆಯ ಸಾಲಿನಲ್ಲಿ ಉಳಿದ ಅಂಕಿಯನ್ನು ನೋಡಿ, "ಇದಕ್ಕಿಂತ ನೀವು ಓವರ್‌ಟೈಮ್ ಮಾಡಿದ್ರೆ ಹೆಚ್ಚು ಬರುತ್ತೆ" ಎಂದಳು. ತಪ್ಪು ಹುಡುಕಿದೆ, ಸಿಗಲಿಲ್ಲ. ಆಮೇಲೆ ಅವಳೇ, ವರ್ಷಕ್ಕೆ ಇಷ್ಟು ಬಾಟಲಿ ಮಾರುವವರೆಗೂ ನೀವು ಎಂಜಿನಿಯರ್ ಕೆಲಸ ಬಿಡಕೂಡದು ಎಂಬ ಷರತ್ತಿನ ಮೇಲೆ, ಮನೆಸಾಲದ ಮೇಲೆ ಇನ್ನಷ್ಟು ಸಾಲ ತೆಗೆಯಲು ಸಹಿ ಹಾಕಿದಳು.

ಅನುಮತಿಗಳ ಕಥೆಯನ್ನು ಪೂರ್ತಿ ಹೇಳಿದರೆ ಓದುವವರಿಗೆ ಶಿಕ್ಷೆಯಾದೀತು. ಎಥನಾಲಿನ, ಅಂದರೆ ಕುಡಿಯುವ ಆಲ್ಕೋಹಾಲಿನ, ಆವಿ ಗಾಳಿಯಲ್ಲಿ ಶೇಕಡಾ ಮೂರು ಚಿಲ್ಲರೆ ಸೇರಿದರೆ ಒಂದು ಕಿಡಿ ಸಾಕು. ಆದ್ದರಿಂದ ಬೆಂಕಿ ಹತ್ತುವ ದ್ರವಗಳನ್ನು ಇಡುವ ಜಾಗಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬೇಕು, ಒಳಗಿನ ಸ್ವಿಚ್ಚು, ಮೋಟಾರು, ದೀಪ ಎಲ್ಲವೂ ಕಿಡಿ ಹಾರಿಸದ ಜಾತಿಯವಾಗಿರಬೇಕು. ನಗರಸಭೆಗೆ ಕಟ್ಟಡದ ಬಳಕೆ ಮತ್ತು ಚರಂಡಿಗೆ ಬಿಡುವ ನೀರಿನ ಬಗ್ಗೆ ಉತ್ತರ ಹೇಳಬೇಕು, 2014ರ ಆಹಾರ ಕಾಯ್ದೆಯಡಿ ನೋಂದಣಿಯಾಗಬೇಕು, ಮಾರುವುದಕ್ಕೆ 2012ರ ಮದ್ಯ ಮಾರಾಟ ಕಾಯ್ದೆಯ ಪರವಾನಗಿ ಬೇಕು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ವಿಮೆ. ಭೂಕಂಪದ ಊರು, ಹಳೆಯ ಶೆಡ್ಡು, ಒಳಗೆ ಆಲ್ಕೋಹಾಲು ಎಂದರೆ ವಿಮೆಯವರು ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಒಂದು ಕಂಪನಿ ಒಪ್ಪಿಕೊಂಡು, ಬಟ್ಟಿ ಹಡಗಿನಲ್ಲಿ ಬರುತ್ತಿರುವಾಗ ಮನಸ್ಸು ಬದಲಿಸಿತು. ಕಟ್ಟಡ ನಡುಗಿದರೆ ಏನಾಗುತ್ತದೆಂದು ಲೆಕ್ಕ ಹಾಕುವುದೇ ನನ್ನ ವೃತ್ತಿಯಾದ್ದರಿಂದ, ಟ್ಯಾಂಕುಗಳನ್ನು ನೆಲಕ್ಕೆ ಬಿಗಿಯುವ ವಿನ್ಯಾಸವನ್ನು ನಾನೇ ಬರೆದು, ಇನ್ನೊಬ್ಬ ಎಂಜಿನಿಯರಿನಿಂದ ಪರಿಶೀಲಿಸಿ ಸಹಿ ಹಾಕಿಸಿ ಕೊಟ್ಟ ಮೇಲೆ ಬೇರೊಂದು ಕಂಪನಿ ಒಪ್ಪಿತು. ಇದಕ್ಕೆಲ್ಲ ಹದಿನಾಲ್ಕು ತಿಂಗಳು ಹಿಡಿಯಿತು.

ಕಸ್ಟಮ್ಸ್ ಅಧಿಕಾರಿಯ ಭೇಟಿಯನ್ನು ಮಾತ್ರ ಬಿಡಿಸಿ ಹೇಳಬೇಕು. ಇಲ್ಲಿ ದೇಶದೊಳಗೆ ತಯಾರಾದ ಮದ್ಯದ ಅಬಕಾರಿ ಸುಂಕವನ್ನೂ ಕಸ್ಟಮ್ಸ್ ಇಲಾಖೆಯೇ ವಸೂಲು ಮಾಡುತ್ತದೆ. ತಯಾರಿಸುವ ಜಾಗ ಕಸ್ಟಮ್ಸ್ ನಿಯಂತ್ರಿತ ಪ್ರದೇಶವೆಂದು ಪರವಾನಗಿ ಪಡೆದಿರಬೇಕು. ಮದ್ಯ ಆ ಪ್ರದೇಶದ ಗೆರೆಯೊಳಗೆ ಇರುವವರೆಗೆ ಸುಂಕ ಕಟ್ಟಬೇಕಾಗಿಲ್ಲ, ಗೆರೆ ದಾಟಿದರೆ ಕಟ್ಟಬೇಕು. ಬಂದವರು ಐವತ್ತು ದಾಟಿದ ಹೆಂಗಸು. ಹೊಳೆಯುವ 300 ಲೀಟರಿನ ತಾಮ್ರದ ಬಟ್ಟಿಯನ್ನು ಅವರು ಒಮ್ಮೆಯೂ ನೋಡಲಿಲ್ಲ. ಬಾಗಿಲಿನ ಬೀಗ ನೋಡಿದರು, ಟ್ಯಾಂಕಿನ ಅಳತೆಪಟ್ಟಿ ನೋಡಿದರು, ನಕ್ಷೆಯ ಮೇಲಿನ ಗೆರೆ ನೆಲದ ಮೇಲೆ ಎಲ್ಲಿ ಬರುತ್ತದೆಂದು ಕೇಳಿ ಅಲ್ಲಿ ನಿಂತರು. ನಂತರ ಮೇಜಿನ ಮೇಲಿದ್ದ ಒಂದು ಲೀಟರಿನ ಗಾಜಿನ ಜಾಡಿಯನ್ನು ಎತ್ತಿ, ಇದರಲ್ಲಿ ಶೇಕಡಾ 80ರ ಆಲ್ಕೋಹಾಲು ತುಂಬಿದ್ದು ನಿಮ್ಮ ಕೈಜಾರಿ ಬಿದ್ದು ಒಡೆದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಬೆಂಕಿ, ಗಾಳಿ, ಮರಳು ಎಂದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಅದೆಲ್ಲ ಆದ ಮೇಲೆ, ಎಂದರು. ಬರೆದಿಡುತ್ತೇನೆ ಎಂದೆ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಲೀಟರು, ಯಾವ ಶೇಕಡಾ, ಯಾರು ನೋಡಿದರು. ಆಗ ಮೊದಲ ಬಾರಿಗೆ ಅವರ ಮುಖದ ಮೇಲೆ ನಗು ಕಂಡಿತು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದ ಅಪ್ಪನನ್ನು ನೆನೆದುಕೊಂಡೆ. 2019ರ ಜೂನಿನಲ್ಲಿ ಪರವಾನಗಿ ಬಂದಿತು.

ಜುಲೈಯಲ್ಲಿ ಮೊದಲ ಬ್ಯಾಚು. 25 ಲೀಟರಿನ ಅಳತೆಯನ್ನು ಅನುಪಾತ ಹಾಕಿ ಹೆಚ್ಚಿಸಿ, ಜುನಿಪರಿನಿಂದ ಹಿಡಿದು ಏಲಕ್ಕಿಯವರೆಗೆ ಎಲ್ಲವನ್ನೂ ಅಷ್ಟೇ ಪಟ್ಟು ತೂಗಿ ಹಾಕಿದೆ. ನಡುಭಾಗ ಘಮಘಮಿಸುತ್ತ ಇಳಿಯಿತು. ಶುದ್ಧೀಕರಿಸಿದ ನೀರನ್ನು ಎರಡು ದಿನಗಳ ಕಾಲ ಸ್ವಲ್ಪಸ್ವಲ್ಪವೇ ಸೇರಿಸಿ ಶೇಕಡಾ 42ಕ್ಕೆ ಇಳಿಸಿ, ಅಳೆದು, ಮತ್ತೆ ಅಳೆದು (ಲೇಬಲ್ಲಿನ ಅಂಕಿಗಿಂತ ಅರ್ಧ ಶೇಕಡಾಕ್ಕಿಂತ ಹೆಚ್ಚು ಆಚೀಚೆ ಇರುವಂತಿಲ್ಲ), ಇನ್ನೂರ ನಲವತ್ತು ಬಾಟಲಿ ತುಂಬಿ, ಬಿರಡೆ ಹಾಕಿ, ಹಿಂಬದಿಯ ಶೆಡ್ಡಿನಲ್ಲಿ ಜೋಡಿಸಿ ಮನೆಗೆ ಹೋದೆ. ಜುಲೈ ಎಂದರೆ ಇಲ್ಲಿ ನಡು ಚಳಿಗಾಲ. ಆ ರಾತ್ರಿ ಊರಿನಾಚೆಯ ಕ್ಯಾಂಟರ್ಬರಿ ಬಯಲಿನ ಮೇಲೆ ಹಿಮಗಟ್ಟಿದ ಇಬ್ಬನಿ ಬಿದ್ದಿತು. ಬೆಳಿಗ್ಗೆ ಬಾಗಿಲು ತೆರೆದು ದೀಪ ಹಾಕಿದರೆ ಇನ್ನೂರ ನಲವತ್ತು ಬಾಟಲಿಗಳೂ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿದ್ದವು.

ಒಂದು ಬಾಟಲಿಯನ್ನು ಎತ್ತಿ ಅಂಗೈಗಳ ನಡುವೆ ಹಿಡಿದು ಕುಳಿತೆ. ಹತ್ತು ನಿಮಿಷಕ್ಕೆ ಗಾಜಿನ ಅಂಚಿನಿಂದ ತಿಳಿಯಾಗುತ್ತ ಬಂದಿತು, ಕೆಳಗಿಟ್ಟರೆ ಮತ್ತೆ ಮಂಜು. ರುಚಿಯಲ್ಲಿ ದೋಷವಿರಲಿಲ್ಲ, ದೋಷ ಎಣ್ಣೆಯಲ್ಲಿತ್ತು. ಜುನಿಪರ್, ಏಲಕ್ಕಿ, ಸಿಪ್ಪೆಗಳಿಂದ ಬರುವ ಸುಗಂಧತೈಲಗಳು ಗಟ್ಟಿ ಆಲ್ಕೋಹಾಲಿನಲ್ಲಿ ಕರಗಿರುತ್ತವೆ. ನೀರು ಬೆರೆಸಿ ತೆಳುವಾಗಿಸಿದಾಗ, ಅದರಲ್ಲೂ ತಣ್ಣಗಾದಾಗ, ಕಣ್ಣಿಗೆ ಕಾಣದ ಹನಿಗಳಾಗಿ ಹೊರಬಂದು ದ್ರವವನ್ನು ಬಿಳಿಯಾಗಿಸುತ್ತವೆ. ಸೋಂಪಿನ ಮದ್ಯಗಳನ್ನು ಬೇಕೆಂದೇ ಹಾಗೆ ಕುಡಿಯುತ್ತಾರೆ, ಆದರೆ ಬೆಳ್ಳಗಾದ ಜಿನ್ನನ್ನು ಯಾರೂ ಕೊಳ್ಳುವುದಿಲ್ಲ. ಮನೆಯಲ್ಲಿ ನಾನು ಮಾಡಿದ್ದು ಎಂದೂ ಹೀಗಾಗಿರಲಿಲ್ಲ, ಏಕೆಂದರೆ ಅದು ಬೆಚ್ಚನೆಯ ಕಪಾಟಿನಲ್ಲಿ ಇರುತ್ತಿತ್ತು, ಮತ್ತು ತಿಂಗಳೊಪ್ಪತ್ತಿನಲ್ಲಿ ಖಾಲಿಯಾಗುತ್ತಿತ್ತು. ದೊಡ್ಡ ಬಟ್ಟಿ ಚಿಕ್ಕದರ ಹಿಗ್ಗಿಸಿದ ರೂಪವಲ್ಲ ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದರಲ್ಲಿ ಕಾಯಿಬೇರುಗಳು ಆಲ್ಕೋಹಾಲಿನಲ್ಲಿ ಬಿಸಿಯಾಗಿ ಇರುವ ಹೊತ್ತು ಹೆಚ್ಚು, ಆದ್ದರಿಂದ ತೈಲವೂ ಹೆಚ್ಚು.

ಚೆಲ್ಲುವಂತೆಯೂ ಇರಲಿಲ್ಲ, ಒಂದೊಂದು ಬಾಟಲಿಗೂ ಕಸ್ಟಮ್ಸಿಗೆ ಲೆಕ್ಕ ಕೊಡಬೇಕಿತ್ತು. ಎರಡು ವಾರಾಂತ್ಯ ಕುಳಿತು ಇನ್ನೂರ ನಲವತ್ತು ಬಿರಡೆಗಳನ್ನು ಕಿತ್ತು, 168 ಲೀಟರನ್ನೂ ಟ್ಯಾಂಕಿಗೆ ಸುರಿದು, ಅಳೆದು, ಮರುಬಟ್ಟಿಗೆ ಎಂದು ನಮೂದಿಸಿ, ಮತ್ತೆ ಇಳಿಸಿದೆವು. ಹೆಂಡತಿ ಒಂದು ಮಾತೂ ಆಡದೆ ಬಿರಡೆ ಕೀಳುತ್ತಿದ್ದಳು, ಆಡಿದ್ದರೆ ಒಳ್ಳೆಯದಿತ್ತು. ಮುಂದಿನ ಬ್ಯಾಚಿಗೆ ಜುನಿಪರನ್ನೂ ಏಲಕ್ಕಿಯನ್ನೂ ಐದನೆಯ ಒಂದು ಭಾಗ ತಗ್ಗಿಸಿ, ಕಡೆಯ ಭಾಗವನ್ನು ಮುಂಚೆಯೇ ಬೇರ್ಪಡಿಸಿ, ಬಾಟಲಿಗೆ ತುಂಬುವ ಮೊದಲು ಒಂದು ಜಾಡಿಯನ್ನು ಮೂರು ದಿನ ಫ್ರಿಜ್ಜಿನಲ್ಲಿಟ್ಟು ನೋಡಿದೆ. ತಿಳಿಯಾಗಿಯೇ ಇತ್ತು. ಇಂದಿಗೂ ಪ್ರತಿ ಬ್ಯಾಚಿನ ಒಂದು ಜಾಡಿ ಫ್ರಿಜ್ಜಿನಲ್ಲಿ ಮೂರು ದಿನ ಕಳೆಯದೆ ತುಂಬುವ ಕೆಲಸ ಶುರುವಾಗುವುದಿಲ್ಲ.

ಮಾರಾಟ ಶುರುವಾದದ್ದು ಅಕ್ಟೋಬರಿನಲ್ಲಿ, ಒಂದು ಬಾರಿನವರು ಕೊಂಡ ಆರು ಬಾಟಲಿಗಳಿಂದ. ಬಾರಿನ ಹುಡುಗ ಮೂಸಿ ನೋಡಿ, ಭಾರತದವರು ವಿಸ್ಕಿ ಮಾಡುವುದು ಬಿಟ್ಟು ಜಿನ್ ಏಕೆ ಮಾಡುತ್ತೀರಿ ಎಂದು ಕೇಳಿ, ತನಗೆ ಅಮೃತ್ ಎಷ್ಟು ಇಷ್ಟ ಎಂದು ಹೇಳತೊಡಗಿದ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಎನ್ನುವುದನ್ನು ನಮ್ಮ ರಾಜ್ಯದವನಾದ ನಾನು ಅವನ ಬಾಯಿಂದ ತಿಳಿದುಕೊಳ್ಳಬೇಕಾಯಿತು. ತಿಂಗಳಿಗೆ ಎಂಬತ್ತು, ನೂರು ಬಾಟಲಿ ಹೋಗುವ ಹೊತ್ತಿಗೆ 2020ರ ಮಾರ್ಚ್ 25ರ ಲಾಕ್‌ಡೌನ್ ಬಂದಿತು. ಬಾರುಗಳೆಲ್ಲ ಒಂದೇ ರಾತ್ರಿಯಲ್ಲಿ ಮುಚ್ಚಿದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಶೇಕಡಾ 80 ಎಥನಾಲಿಗೆ ಒಂದಿಷ್ಟು ಗ್ಲಿಸರಾಲ್, ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಕೈಗೆ ಹಚ್ಚುವ ಸ್ಯಾನಿಟೈಸರ್ ಮಾಡಿ ಆ ತಿಂಗಳುಗಳ ಬಾಡಿಗೆ ಕಟ್ಟಿದೆವು. ಏಲಕ್ಕಿಯ ವಾಸನೆ ಕೊಳವೆಗಳಿಂದ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಅದನ್ನು ಹಚ್ಚಿಕೊಂಡವರ ಕೈಗಳೆಲ್ಲ ಸ್ವಲ್ಪ ಪಾಯಸದಂತೆ ಘಮಘಮಿಸುತ್ತಿದ್ದವು. ನಂತರ ಗರ್ಭಿಣಿಯರಿಗೆ ಎಚ್ಚರಿಕೆಯ ಚಿತ್ರವನ್ನು ಕೆಂಪು, ಕಪ್ಪು, ಬಿಳಿ ಬಣ್ಣಗಳಲ್ಲಿಯೇ ಅಚ್ಚು ಹಾಕಬೇಕೆಂಬ ನಿಯಮ ಬಂದು, ಎರಡೇ ಬಣ್ಣದಲ್ಲಿ ಚೆಂದವಾಗಿ ಮಾಡಿಸಿದ್ದ ನಮ್ಮ ಲೇಬಲ್ಲುಗಳ ಕಟ್ಟುಗಳು ಈಗಲೂ ಶೆಡ್ಡಿನ ಅಟ್ಟದ ಮೇಲಿವೆ. ಹೆಂಡತಿಯ ಷರತ್ತಿನ ಅಂಕಿಯನ್ನು ಮುಟ್ಟಿ ನಾನು ಎಂಜಿನಿಯರ್ ಕೆಲಸ ಬಿಟ್ಟದ್ದು 2022ರಲ್ಲಿ.

2023ರ ಜನವರಿಯಲ್ಲಿ ಅಮ್ಮ ಮೊದಲ ಬಾರಿಗೆ ಬಂದರು. ಡಿಸ್ಟಿಲರಿಗೆ ಬರುವುದಿಲ್ಲವೆಂದು ಹತ್ತು ದಿನ ಹಟ ಹಿಡಿದು, ಹನ್ನೊಂದನೆಯ ದಿನ, ಮನೆಯಲ್ಲಿ ಒಬ್ಬರೇ ಇರಲು ಬೇಸರವಾಗಿ ಬಂದರು. ಬಟ್ಟಿಯ ಮುಂದೆ ನಿಂತು, ಹಿತ್ತಲ ಬಚ್ಚಲಿನ ಹಂಡೆಯನ್ನು ನೋಡಿದಂತೆ ಮೇಲೆ ಕೆಳಗೆ ನೋಡಿದರು. ತಾಮ್ರ ಕಪ್ಪಿಟ್ಟಿತ್ತು, ಸಿಟ್ರಿಕ್ ಆಮ್ಲದಿಂದ ತೊಳೆಯುವ ಸರದಿ ಬಂದಿತ್ತು. ಈ ಕಪ್ಪು ವ್ಯರ್ಥವಲ್ಲ, ಹುಳಿತದಲ್ಲಿ ಹುಟ್ಟುವ ಗಂಧಕದ ವಾಸನೆಯನ್ನು ತಾಮ್ರ ಹೀರಿಕೊಳ್ಳುತ್ತದೆ ಎಂದು ನಾನು ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳದೆ, "ಹುಣಸೆಹಣ್ಣು ಎಲ್ಲಿಟ್ಟಿದೀಯಾ?" ಎಂದರು. ಒಂದು ಗಂಟೆಯ ನಂತರ ಕೆಳಗಿನ ಅರ್ಧಭಾಗ ಹೊಸ ಚೊಂಬಿನಂತೆ ಹೊಳೆಯುತ್ತಿತ್ತು, ಮೇಲರ್ಧ ಅವರ ಕೈಗೆ ಎಟಕದೆ ಹಾಗೆಯೇ ಉಳಿದಿತ್ತು. ಸಂಜೆ ಊರಿನಿಂದ ಚಿಕ್ಕಮ್ಮ ಫೋನು ಮಾಡಿದಾಗ ನಾನು ಪಕ್ಕದ ಕೋಣೆಯಲ್ಲಿ ತಿಂಗಳ ಲೆಕ್ಕ ಬರೆಯುತ್ತಿದ್ದೆ. ಅಮ್ಮ ಹೇಳುತ್ತಿದ್ದರು: "ಹೂಂ ಕಣೇ, ಇವತ್ತು ಫ್ಯಾಕ್ಟ್ರಿಗೆ ಹೋಗಿದ್ದೆ. ಅದೇ ಸ್ಯಾನಿಟೈಸರ್ ಫ್ಯಾಕ್ಟ್ರಿ. ಹಂಡೆ ಏನು ಕೊಳೆಯಾಗಿತ್ತು ಅಂತೀಯಾ, ಉಜ್ಜಿ ಕೊಟ್ಟು ಬಂದೆ."